ಡಬ್ಬಿಯ ಸತು, ಗಾಡಿಯ ಸತ್ಯ

ಇಂಜಿನ್ ಆಯಿಲಿನಲ್ಲಿ ಸತು ಎಷ್ಟು, ರಂಜಕ ಎಷ್ಟು, ಮಾಲಿಬ್ಡಿನಂ ಎಷ್ಟು? ಕೋಷ್ಟಕಗಳು ಈಗ ಎಲ್ಲರ ಫೋನಿನಲ್ಲೂ ಇವೆ. ಅಂಕಿ ಹೆಚ್ಚಿದ್ದ ಡಬ್ಬಿ ಗೆಲ್ಲುತ್ತದೆ, ಕಡಿಮೆ ಇದ್ದದ್ದು ಅಂಗಡಿಯಲ್ಲೇ ಉಳಿಯುತ್ತದೆ. ಎರೆಮಣ್ಣಿನ ದೂಳಿನಲ್ಲಿ ಓಡುವ ಬೀದರ್ ಜಿಲ್ಲೆಯ ಭಾಲ್ಕಿಯ ಗಾಡಿಗೆ ಆ ಅಂಕಿಯಿಂದ ಏನು ಲಾಭ?

ದಸರೆಯ ಖಂಡೆ ಪೂಜೆಗೆ ಎರಡು ದಿನ ಇದೆ ಎನ್ನುವಾಗ ಭಾಲ್ಕಿಯ ಗ್ಯಾರೇಜುಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಸೋಯಾ ರಾಶಿ ಮಾಡಿ ಬಂದ ಗಾಡಿಗಳ ಕಡ್ಡಿಗಳಿಗೆ ಎರೆಮಣ್ಣು ಅಂಟಿ ಒಣಗಿರುತ್ತದೆ; ಚೀಲ ಬಿಗಿದ ಹಗ್ಗ ಕ್ಯಾರಿಯರಿನಲ್ಲೇ ಇರುತ್ತದೆ. ಹುಡುಗನೊಬ್ಬ ಅರ್ಧಕ್ಕೆ ಕೊಯ್ದ ಕ್ಯಾನನ್ನು ಸ್ಪ್ಲೆಂಡರ್ ಇಂಜಿನ್ನಿನ ಕೆಳಗೆ ದೂಡಿ, ಹದಿನೇಳರ ಪಾನಾ ಹಾಕಿ ಡ್ರೇನ್ ಬೋಲ್ಟ್ ಬಿಚ್ಚುತ್ತಾನೆ. ಕರ್ರಗಿನ ಆಯಿಲ್ ಬಿಸಿಯಾಗಿಯೇ ಸುರಿಯುತ್ತದೆ. ಮಿಸ್ತ್ರಿ ಒಂದು ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡುತ್ತಾನೆ. ಅಷ್ಟರಲ್ಲಿ ಗಾಡಿಯವನು ಫೋನು ಮುಂದೆ ಹಿಡಿದಿರುತ್ತಾನೆ.

"ಮಿಸ್ತ್ರಿ, ನೀ ಹಾಕೋ ಆಯಿಲ್‌ದಾಗ ಜಿಂಕ್ ಎಷ್ಟದ? ಇದ್ರಾಗ ಸಾವಿರದ ಮುನ್ನೂರು ಅದ ನೋಡು."

"ಜಿಂಕ್ ಗಿಂಕ್ ನಂಗ ಗೊತ್ತಿಲ್ಲಣ್ಣ. ಕ್ಲಚ್ ಜಾರ್ತದೋ ಇಲ್ಲೋ ಅದು ಬೇಕಾದ್ರ ಹೇಳ್ತೀನಿ."

ಬೀದರ್, ಔರಾದ್, ಕಮಲನಗರ, ಎಲ್ಲಿ ಹೋದರೂ ಈ ಮಾತುಕತೆ ಹೆಚ್ಚುಕಡಿಮೆ ಹೀಗೇ ಸಾಗುತ್ತದೆ. ಗಾಡಿಯವನ ಕೈಯಲ್ಲಿ ವಿಜ್ಞಾನ ಇದೆ, ಮಿಸ್ತ್ರಿಯ ಬಳಿ ಬರೀ ಅಂದಾಜು ಎಂದು ಮೇಲ್ನೋಟಕ್ಕೆ ಅನ್ನಿಸುವುದು ಸಹಜ. ನನಗೆ ಕಾಣುವುದು ತಿರುಗುಮುರುಗಾಗಿ. ಒಳಗೆ ಏನು ಹಾಕಿದ್ದಾರೆ ಎಂದು ಕೇಳುವುದಕ್ಕಿಂತ ಅದು ಏನು ಮಾಡಿತು ಎಂದು ಕೇಳುವುದೇ ಆಯಿಲಿನ ವಿಷಯದಲ್ಲಿ ಹೆಚ್ಚು ವೈಜ್ಞಾನಿಕ. ಮಿಸ್ತ್ರಿಗೆ ಉತ್ತರ ಪೂರ್ತಿ ಗೊತ್ತಿಲ್ಲದಿರಬಹುದು. ಪ್ರಶ್ನೆಯನ್ನಂತೂ ಸರಿಯಾಗಿ ಹಿಡಿದಿದ್ದಾನೆ.

ಬೂದಿಯ ಲೆಕ್ಕ

ಮೊದಲು ಆ ಕೋಷ್ಟಕ ಹುಟ್ಟುವ ಬಗೆ ನೋಡೋಣ. ಪ್ರಯೋಗಾಲಯದಲ್ಲಿ ಒಂದಿಷ್ಟು ಆಯಿಲನ್ನು ಸೀಮೆಎಣ್ಣೆಯಂಥ ದ್ರಾವಕದಲ್ಲಿ ತೆಳುಮಾಡಿ, ಮಂಜಿನಂತೆ ಸಿಂಪಡಿಸಿ, ಸಾವಿರಾರು ಡಿಗ್ರಿಯ ಆರ್ಗಾನ್ ಪ್ಲಾಸ್ಮಾದೊಳಗೆ ಬಿಡುತ್ತಾರೆ. ಐಸಿಪಿ ಎಂದು ಕರೆಯುವ ಈ ಯಂತ್ರದಲ್ಲಿ ಆಯಿಲಿನ ಅಣುಗಳೆಲ್ಲ ಒಡೆದು ಬಿಡಿ ಪರಮಾಣುಗಳಾಗುತ್ತವೆ. ಒಂದೊಂದು ಧಾತುವೂ ತನ್ನದೇ ಬಣ್ಣದ ಬೆಳಕು ಸೂಸುತ್ತದೆ. ಆ ಬೆಳಕಿನ ಪ್ರಮಾಣದಿಂದ ಹತ್ತು ಲಕ್ಷ ಪಾಲಿಗೆ ಇಷ್ಟು ಸತು, ಇಷ್ಟು ರಂಜಕ, ಇಷ್ಟು ಕ್ಯಾಲ್ಸಿಯಂ ಎಂದು ಯಂತ್ರ ಹೇಳುತ್ತದೆ. ಪಿಪಿಎಂ ಎಂದರೆ ಇದೇ. ಅಳತೆ ಬಲು ನಿಖರ, ಅದರಲ್ಲಿ ಸಂಶಯ ಬೇಡ. ಆದರೆ ಅಳೆಯುವ ಮೊದಲೇ ಅಣುವಿನ ಆಕಾರವನ್ನೆಲ್ಲ ಸುಟ್ಟಾಗಿದೆ. ಎಳ್ಳಮಾವಾಸ್ಯೆಯ ಭಜ್ಜಿಯನ್ನು ಸುಟ್ಟು ಬೂದಿ ಮಾಡಿ, ಬೂದಿಯಲ್ಲಿ ಕಬ್ಬಿಣ ಎಷ್ಟಿದೆ ಎಂದು ತೂಗಿ, ಯಾರ ಮನೆಯ ಭಜ್ಜಿ ರುಚಿ ಎಂದು ತೀರ್ಪು ಕೊಟ್ಟ ಹಾಗಾಯಿತು ಇದು.

ಅಣುವಿನ ಆಕಾರ ಅಷ್ಟು ಮುಖ್ಯವೇ ಎಂದರೆ, ಕೆಲಸ ಮಾಡುವುದೇ ಅದು. ಆಯಿಲಿನಲ್ಲಿ ಸವೆತ ತಡೆಯಲು ಹಾಕುವ ಪ್ರಮುಖ ವಸ್ತುವಿಗೆ ಝಡ್‌ಡಿಡಿಪಿ ಎಂದು ಹೆಸರು. ಸತು, ರಂಜಕ, ಗಂಧಕ ಮೂರೂ ಸೇರಿದ ಈ ಸಂಯುಕ್ತ ಬಳಕೆಗೆ ಬಂದದ್ದು 1940ರ ದಶಕದಲ್ಲಿ, ಅದೂ ಬೇರಿಂಗ್ ತಿನ್ನುವ ಆಮ್ಲವನ್ನು, ಆಯಿಲ್ ಹಳಸುವುದನ್ನು ತಡೆಯಲಿಕ್ಕೆ. ಸವೆತವನ್ನೂ ತಡೆಯುತ್ತದೆ ಎಂಬುದು ಆಮೇಲೆ ತಿಳಿಯಿತು. ಲೋಹಕ್ಕೆ ಲೋಹ ಉಜ್ಜುವ ಕಡೆ ಕಾವಿಗೂ ಒತ್ತಡಕ್ಕೂ ಇದು ಒಡೆದು, ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ದಪ್ಪದ, ಗಾಜಿನಂಥ ಫಾಸ್ಫೇಟ್ ಪೊರೆಯಾಗಿ ಅಲ್ಲೇ ಕೂರುತ್ತದೆ. ಮುಂದಿನ ಉಜ್ಜಾಟದಲ್ಲಿ ಸವೆಯುವುದು ಆ ಪೊರೆ, ಕ್ಯಾಮ್ ಅಲ್ಲ. ಈ ಝಡ್‌ಡಿಡಿಪಿಯಲ್ಲಿ ಪ್ರೈಮರಿ, ಸೆಕೆಂಡರಿ ಎಂದು ಎರಡು ಜಾತಿ. ಸೆಕೆಂಡರಿ ಕಡಿಮೆ ಕಾವಿನಲ್ಲೇ ಒಡೆದು ಬೇಗ ಪೊರೆ ಕಟ್ಟುತ್ತದೆ. ಪ್ರೈಮರಿ ಹೆಚ್ಚು ಕಾವು ತಡೆದುಕೊಂಡು ತಡವಾಗಿ ಕೆಲಸಕ್ಕೆ ಇಳಿಯುತ್ತದೆ. ಎರಡೂ ಐಸಿಪಿ ಕಣ್ಣಿಗೆ ಒಂದೇ: ಸತು ಇಷ್ಟು, ರಂಜಕ ಇಷ್ಟು. ಸಾವಿರ ಪಿಪಿಎಂ ಸತು ಇರುವ ಎರಡು ಡಬ್ಬಿಗಳಲ್ಲಿ ಯಾವುದು ಮುಂಜಾನೆಯ ಮೊದಲ ಕಿಕ್ಕಿಗೆ ಒದಗುತ್ತದೆ, ಯಾವುದು ಮಧ್ಯಾಹ್ನದ ಬಿಸಿಲಿಗೆ ಬಾಳುತ್ತದೆ ಎಂದು ಕೋಷ್ಟಕ ನೋಡಿ ಹೇಳಲು ಸಾಧ್ಯವಿಲ್ಲ.

ಮಾಲಿಬ್ಡಿನಂ ಕಥೆಯೂ ಇದೇ ಜಾಡಿನದು. 'ಮಾಲಿ ಇದ್ರೆ ಕ್ಲಚ್ ಜಾರುತ್ತದೆ' ಎಂಬ ಮಾತು ಗಾಡಿಪ್ರಿಯರ ನಡುವೆ ಶಾಸನದಂತೆ ಓಡಾಡುತ್ತಿದೆ. ಮಾಲಿಬ್ಡಿನಂ ಆಯಿಲಿಗೆ ಬರುವುದು ಹಲವು ವೇಷದಲ್ಲಿ. ಘರ್ಷಣೆ ಇಳಿಸಲೆಂದೇ ಹಾಕುವ ರೂಪ ಒಂದು, ಆಯಿಲ್ ಹಳಸದಂತೆ ಕಾಯುವ ರೂಪ ಇನ್ನೊಂದು, ಕರಗದ ಪುಡಿಯಾಗಿ ತೇಲುವ ರೂಪ ಮತ್ತೊಂದು. ಪ್ರಮಾಣ ಎಷ್ಟು, ಜತೆಗೆ ಇನ್ನೇನಿದೆ ಎಂಬುದರ ಮೇಲೆ ಕ್ಲಚ್ಚಿನ ಹಣೆಬರಹ ನಿಲ್ಲುತ್ತದೆ. ಇತ್ತ ಮಾಲಿಬ್ಡಿನಂ ಸೊನ್ನೆ ಇರುವ ಆಯಿಲಿನಿಂದಲೂ ಕ್ಲಚ್ ಜಾರಬಹುದು. ಘರ್ಷಣೆ ಇಳಿಸುವ ಕೆಲವು ವಸ್ತುಗಳಲ್ಲಿ ಲೋಹವೇ ಇರುವುದಿಲ್ಲ. ಕೊಬ್ಬಿನ ಆಮ್ಲಗಳಿಂದ ಮಾಡಿದ ಅವು ಕೋಷ್ಟಕದ ಯಾವ ಸಾಲಿನಲ್ಲೂ ಕಾಣವು. ಹಳಸುವುದನ್ನು ತಡೆಯುವ ಅಮೈನುಗಳು, ಆಯಿಲನ್ನು ಮಂದವಾಗಿಡುವ ಪಾಲಿಮರ್, ಡಬ್ಬಿಯ ಮುಕ್ಕಾಲಿಗೂ ಹೆಚ್ಚು ಪಾಲಾದ ಬೇಸ್ ಆಯಿಲ್, ಇವೂ ಅಷ್ಟೇ, ಕಾಣವು. ಅಂದರೆ ಡಬ್ಬಿಯಲ್ಲಿ ಇರುವುದರ ಬಹುಪಾಲು ಕೋಷ್ಟಕದ ಹೊರಗೇ ಉಳಿಯಿತು.

ಇದರ ಮೇಲೆ ಒಳಜಗಳ ಬೇರೆ. ಇಂಜಿನ್ ತೊಳೆಯುವ ಡಿಟರ್ಜೆಂಟ್, ಕರಿಯನ್ನು ತೇಲಿಸಿ ಹಿಡಿಯುವ ಡಿಸ್ಪರ್ಸೆಂಟ್, ಘರ್ಷಣೆ ಇಳಿಸುವ ವಸ್ತು, ಝಡ್‌ಡಿಡಿಪಿ, ಎಲ್ಲವಕ್ಕೂ ಲೋಹದ ಅದೇ ಮೇಲ್ಮೈ ಬೇಕು. ಕೆಲವು ಡಿಸ್ಪರ್ಸೆಂಟುಗಳು ಝಡ್‌ಡಿಡಿಪಿಯ ಅಣುವನ್ನೇ ತಬ್ಬಿಕೊಂಡು ಪೊರೆ ಕಟ್ಟದಂತೆ ತಡೆಯುತ್ತವೆ. ಹೀಗಾಗಿ ಆಯಿಲಿನ ಗುಣ ಬಿಡಿ ಅಂಕಿಗಳ ಮೊತ್ತವಲ್ಲ. ಜಗತ್ತಿನ ಬಹುಪಾಲು ಆಯಿಲ್ ಕಂಪನಿಗಳು ಬೆರಳೆಣಿಕೆಯ ನಾಲ್ಕಾರು ತಯಾರಕರಿಂದ ಸೇರ್ಪಡೆಗಳ ಸಿದ್ಧ ಪೊಟ್ಟಣ ಕೊಳ್ಳುವುದಕ್ಕೆ ಕಾರಣವೂ ಇದೇ: ಆ ಪೊಟ್ಟಣವನ್ನು ಇಡಿಯಾಗಿ ಇಂಜಿನ್ನಿನಲ್ಲಿ ಓಡಿಸಿ ಪರೀಕ್ಷಿಸಿರುತ್ತಾರೆ.

ರಂಜಕ ಇಳಿಯಿತು, ಸವೆತವೂ ಇಳಿಯಿತು

ಇಷ್ಟು ಹೇಳಿದರೆ ತರ್ಕ ಮಾತ್ರ ಆಯಿತು, ಪುರಾವೆ ಎಲ್ಲಿ? ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಆಯಿಲುಗಳಿಗೆ ಕೊಡುವ ದರ್ಜೆಯ ಅಕ್ಷರಗಳ ಇತಿಹಾಸದಲ್ಲೇ ಇದೆ. ರಂಜಕ ಹೊಗೆಯ ಜತೆ ಹೋಗಿ ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ ಎಂಬ ಕಾರಣಕ್ಕೆ, ಕಾರುಗಳ ತೆಳು ಆಯಿಲುಗಳಲ್ಲಿ ರಂಜಕದ ಮೇಲ್ಮಿತಿಯನ್ನು ಹಂತಹಂತವಾಗಿ ಇಳಿಸುತ್ತ ಬಂದರು. 1990ರ ದಶಕದ ಮೊದಲಲ್ಲಿ ಶೇ 0.12 ಇದ್ದದ್ದು ಶೇ 0.10 ಆಯಿತು, 2004ರಲ್ಲಿ ಬಂದ ಎಸ್‌ಎಂ ದರ್ಜೆಯಲ್ಲಿ ಶೇ 0.08ಕ್ಕೆ ಇಳಿಯಿತು. ಪಿಪಿಎಂ ನಂಬುವವರ ಲೆಕ್ಕದ ಪ್ರಕಾರ ಆಗ ಕ್ಯಾಮ್‌ಗಳು ಹೆಚ್ಚು ಸವೆಯಬೇಕಿತ್ತು.

ಸವೆತ ಅಳೆಯುವ ಸೀಕ್ವೆನ್ಸ್ 4ಎ ಪರೀಕ್ಷೆಯಲ್ಲಿ ನಿಸಾನ್ ಕಂಪನಿಯ 2.4 ಲೀಟರ್ ಇಂಜಿನ್ನನ್ನು ನೂರು ತಾಸು ಓಡಿಸುತ್ತಾರೆ. ಪ್ರತಿ ತಾಸಿನಲ್ಲಿ 50 ನಿಮಿಷ 800 ಸುತ್ತು, 10 ನಿಮಿಷ 1500 ಸುತ್ತು. ಆಯಿಲಿನ ಕಾವು 50ರಿಂದ 60 ಡಿಗ್ರಿ. ವೇಗ ಇಷ್ಟು ಕಡಿಮೆ ಯಾಕೆ ಎಂದರೆ, ನಿಧಾನಕ್ಕೆ ತಿರುಗುವಾಗಲೇ ಕ್ಯಾಮ್ ಮತ್ತು ರಾಕರ್ ನಡುವೆ ಆಯಿಲಿನ ಪದರ ತೆಳುವಾಗಿ ಲೋಹಗಳು ನೇರ ತಾಗುವುದು. ನೂರು ತಾಸು ಮುಗಿದ ಮೇಲೆ ಇಂಜಿನ್ ಬಿಚ್ಚಿ, ಹನ್ನೆರಡು ಕ್ಯಾಮ್ ಉಬ್ಬುಗಳನ್ನು ಒಂದೊಂದರಲ್ಲೂ ಏಳು ಜಾಗದಲ್ಲಿ ಅಳೆಯುತ್ತಾರೆ. 2001ರ ಎಸ್‌ಎಲ್ ದರ್ಜೆಗೆ ಸರಾಸರಿ ಸವೆತ 120 ಮೈಕ್ರಾನ್ ದಾಟಬಾರದು ಎಂದಿತ್ತು. ಎಸ್‌ಎಂಗೆ ಬಂದಾಗ ಅದನ್ನು 90 ಮೈಕ್ರಾನ್‌ಗೆ ಬಿಗಿ ಮಾಡಿದರು. ರಂಜಕವನ್ನು ಇಳಿಸಿದ ಅದೇ ವರ್ಷ, ಸವೆತದ ಮಿತಿಯನ್ನೂ ಇಳಿಸಿದರು, ಆಯಿಲುಗಳು ಪಾಸಾದವು. ಝಡ್‌ಡಿಡಿಪಿಯ ಜಾತಿ, ಅದರ ಜತೆಗಾರರು, ಬೇಸ್ ಆಯಿಲ್, ಇವನ್ನೆಲ್ಲ ಹದಮಾಡಿ ಅದನ್ನು ಸಾಧಿಸಿದ್ದರು. ಬರೀ ಕೋಷ್ಟಕ ನೋಡಿದ್ದವರು ಹಳೆಯ ಆಯಿಲೇ ಗಟ್ಟಿ ಎನ್ನುತ್ತಿದ್ದರು.

ಅಮೆರಿಕದಲ್ಲಿ ಹಳೆಯ ಕಾರು ಇಟ್ಟುಕೊಂಡ ಹವ್ಯಾಸಿಗಳು ಆ ಹೊತ್ತಿನಲ್ಲಿ ಕ್ಯಾಮ್ ಸವೆದ ದೂರು ಹೇಳಿದ್ದು ನಿಜ. ಚಪ್ಪಟೆ ಟ್ಯಾಪೆಟ್, ಬಿಗಿ ಸ್ಪ್ರಿಂಗ್ ಇದ್ದ ಆ ಇಂಜಿನ್ನುಗಳಿಗೂ ಹೊಸ ಪರೀಕ್ಷೆಯ ಇಂಜಿನ್ನಿಗೂ ಹೋಲಿಕೆ ಕಡಿಮೆ. ಸತುವಿನ ಭಯ ಅಲ್ಲಿಂದ ಹೊರಟು, ಸಾಗರ ದಾಟಿ, ನಮ್ಮ ಬಸ್ ಸ್ಟ್ಯಾಂಡ್ ಪಕ್ಕದ ಗ್ಯಾರೇಜಿಗೂ ಬಂದು ಕೂತಿದೆ. ಆ ದೂರಿನಿಂದ ಕಲಿಯಬೇಕಾದ ಪಾಠ ಸತುವಿನದಲ್ಲ. ಪರೀಕ್ಷೆಯ ಯಂತ್ರ ನಮ್ಮ ಯಂತ್ರವನ್ನು ಹೋಲಬೇಕು ಎಂಬುದು. ಮೋಟರ್ ಸೈಕಲ್ಲಿನ ಕಥೆ ಬೇರೆಯಾಗುವುದು ಇಲ್ಲೇ.

▪ ಬಾಕ್ಸ್: ಬಿದ್ರಿಯ ಸತು, ಆಯಿಲಿನ ಸತು
ಬೀದರಿನವರಿಗೆ ಸತು ಹೊಸದೇನಲ್ಲ. 2006ರಲ್ಲಿ ಭೌಗೋಳಿಕ ಸೂಚಕ ಪಡೆದ ಬಿದ್ರಿ ಹೂಜಿಯ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಬೆಳ್ಳಿ ಕೂರಿಸಿದ ಮೇಲೆ ನವಸಾಗರ ಬೆರೆಸಿದ ಕೋಟೆಯ ಮಣ್ಣಿನ ಬಿಸಿನೀರಿನಲ್ಲಿ ಅದ್ದಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಕುಶಲಕರ್ಮಿಗಳು ಮಣ್ಣನ್ನು ನಾಲಗೆಯ ಮೇಲಿಟ್ಟು ಆರಿಸುವುದೂ ಉಂಟು. ಆಯಿಲಿನ ಸತು ಹೀಗೆ ಲೋಹವಾಗಿ ಇರುವುದಿಲ್ಲ. ಎಣ್ಣೆಯಲ್ಲಿ ಕರಗಿದ ಅಣುವಿನ ಒಂದು ಭಾಗ ಅದು. ಜಾಳಿಗೆಯಲ್ಲಿ ಸೋಸಿದರೆ ಸಿಗುವುದಿಲ್ಲ, ಬೆರಳಿಗೆ ತಾಗುವುದಿಲ್ಲ.

ಒಂದು ಆಯಿಲ್, ಮೂರು ಕೂಲಿ

ಕಾರಿನ ಇಂಜಿನ್ ಆಯಿಲ್ ಇಂಜಿನ್ ನೋಡಿಕೊಂಡರೆ ಸಾಕು. ಗೇರ್ ಬಾಕ್ಸಿಗೆ ಬೇರೆ ಆಯಿಲ್, ಕ್ಲಚ್ ಒಣ. ನಮ್ಮ ಹಳೆಯ ಮೋಟರ್ ಸೈಕಲ್ಲುಗಳೂ ಹೆಚ್ಚುಕಡಿಮೆ ಹಾಗೇ ಇದ್ದವು. 1961ರಲ್ಲಿ ಶುರುವಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು ಟೂ-ಸ್ಟ್ರೋಕ್; ಇಂಜಿನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನಲ್ಲಿ ಬೆರೆತು ಉರಿದುಹೋಗುತ್ತಿತ್ತು, ಗೇರು-ಕ್ಲಚ್ಚಿಗೆ ಪ್ರತ್ಯೇಕ ಆಯಿಲ್. ಬೀಡುಕಬ್ಬಿಣದ ಇಂಜಿನ್ನಿನ ಹಳೆಯ ಬುಲೆಟ್ಟಿನಲ್ಲಿ ಇಂಜಿನ್, ಕ್ಲಚ್ ಕೇಸ್, ಗೇರ್ ಬಾಕ್ಸ್ ಮೂರಕ್ಕೂ ಮೂರು ಕೋಣೆ. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂತು, 1994ರಲ್ಲಿ ಸ್ಪ್ಲೆಂಡರ್ ಬಂತು, ಹಳ್ಳಿಹಳ್ಳಿಗೂ ಹೋಯಿತು. ಈ ಗಾಡಿಗಳಲ್ಲಿ ಒಂದು ಲೀಟರಿಗೂ ಕಡಿಮೆ ಆಯಿಲ್ ಪಿಸ್ಟನ್ನನ್ನೂ ತಂಪಿಡಬೇಕು, ಗೇರಿನ ಹಲ್ಲನ್ನೂ ಕಾಯಬೇಕು, ಕ್ಲಚ್ ಪ್ಲೇಟುಗಳ ನಡುವೆಯೂ ಓಡಾಡಬೇಕು.

ಮೂರನೆಯ ಕೆಲಸ ಮೊದಲಿನ ಎರಡಕ್ಕೆ ವಿರುದ್ಧ. ಪಿಸ್ಟನ್, ಗೇರುಗಳಲ್ಲಿ ಜಾರಿದಷ್ಟೂ ಒಳ್ಳೆಯದು. ಕ್ಲಚ್ ಪ್ಲೇಟುಗಳಲ್ಲಿ ಜಾರಬಾರದು. ಜಪಾನಿನಲ್ಲಿ 1990ರ ದಶಕದಲ್ಲಿ ಪೆಟ್ರೋಲ್ ಉಳಿಸಲೆಂದು ಕಾರಿನ ಆಯಿಲುಗಳು ಜಾರುಜಾರಾದಂತೆ, ಅವನ್ನೇ ಹಾಕಿಕೊಂಡ ಬೈಕುಗಳ ಕ್ಲಚ್ ಕೈಕೊಡುವ ಸಮಸ್ಯೆ ಬಂತು. ಎಪಿಐ ಪರೀಕ್ಷೆಗಳಲ್ಲಿ ಕ್ಲಚ್ ಎಂಬುದೇ ಇರಲಿಲ್ಲ. ಆ ಕೊರತೆ ತುಂಬಲು 1998ರಲ್ಲಿ ಬಂದದ್ದು ಜಪಾನಿನ ವಾಹನ ಮಾನದಂಡ ಸಂಸ್ಥೆ ಜಾಸೊದ ಟಿ903 ಮಾನದಂಡ. ಇದರ ಕ್ಲಚ್ ಪರೀಕ್ಷೆಯಲ್ಲಿ ಆಯಿಲಿನಲ್ಲಿ ಮುಳುಗಿದ ಪ್ಲೇಟುಗಳನ್ನು ತಿರುಗುವ ಭಾರದ ಮೇಲೆ ಮತ್ತೆ ಮತ್ತೆ ಒತ್ತಿ ನಿಲ್ಲಿಸುತ್ತಾರೆ. ಜಾರುವಾಗಿನ ಹಿಡಿತ ಎಷ್ಟು, ನಿಂತ ಮೇಲಿನ ಹಿಡಿತ ಎಷ್ಟು, ನಿಲ್ಲಲು ಎಷ್ಟು ಹೊತ್ತು ಹಿಡಿಯಿತು, ಈ ಮೂರನ್ನು ಮಾದರಿ ಆಯಿಲುಗಳ ಜತೆ ಹೋಲಿಸಿ ಸೂಚ್ಯಂಕ ಕೊಡುತ್ತಾರೆ. ಹಿಡಿತ ಉಳಿಸಿದ್ದು ಎಂಎ, ಜಾರಿದ್ದು ಎಂಬಿ. 2006ರಿಂದ ಎಂಎ ಒಳಗೇ ಎಂಎ1, ಎಂಎ2 ಎಂಬ ವಿಂಗಡಣೆ. ಎಂಎ2ರ ಹಿಡಿತ ಹೆಚ್ಚು.

ಎರಡು ಪೆಂಡಿ ಮೇವು ಹೇರಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೊಲದ ದಾರಿಯಿಂದ ಡಾಂಬರು ರಸ್ತೆಗೆ ಏರುವ ಗಾಡಿ ಅರ್ಧ ಕ್ಲಚ್ಚಿನಲ್ಲೇ ಉಸಿರಾಡುತ್ತದೆ. ಅಲ್ಲಿ ಇಂಜಿನ್ ಕೂಗಿಕೊಂಡರೂ ಚಕ್ರ ಅಷ್ಟಕ್ಕಷ್ಟೇ ತಿರುಗಿದರೆ ಪ್ಲೇಟು ಸುಟ್ಟ ವಾಸನೆ ಬರಲು ತಡವಿಲ್ಲ. ಈ ಪರಿಸ್ಥಿತಿಗೆ ಯಾವ ಆಯಿಲ್ ಒದಗೀತು ಎಂಬುದಕ್ಕೆ ಡಬ್ಬಿಯ ಹಿಂದಿನ ಎಂಎ2 ಎಂಬ ಚೌಕದ ಗುರುತು ಹೇಳುವಷ್ಟನ್ನು ಸತು-ಮಾಲಿಬ್ಡಿನಂಗಳ ಇಡೀ ಪುಟ ಹೇಳುವುದಿಲ್ಲ. ಆ ಗುರುತಿನ ಹಿಂದೆ ಪ್ಲೇಟು ಇದೆ, ಭಾರ ಇದೆ, ಒತ್ತಿ ನಿಲ್ಲಿಸಿದ ದಾಖಲೆ ಇದೆ.

▪ ಬಾಕ್ಸ್: ಡಬ್ಬಿ ಓದುವ ಬಗೆ
10ಡಬ್ಲ್ಯು-30ರಲ್ಲಿ ಮೊದಲ ಅಂಕಿ ಚಳಿಯಲ್ಲಿ ಹರಿಯುವ ಗುಣದ್ದು, ಎರಡನೆಯದು 100 ಡಿಗ್ರಿ ಕಾವಿನಲ್ಲಿ ಎಷ್ಟು ಮಂದ ಎಂಬುದರದ್ದು. ಎರಡನೆಯ ಅಂಕಿ ದೊಡ್ಡದಾದಷ್ಟೂ ಆಯಿಲ್ ಉತ್ತಮ ಎಂದಲ್ಲ. ಗಾಡಿಯ ಕೈಪಿಡಿ ಹೇಳಿದ್ದೇ ಸರಿ. ಗೇರಿಲ್ಲದ ಸ್ಕೂಟರಿನ ಕ್ಲಚ್ ಆಯಿಲಿನಲ್ಲಿ ಮುಳುಗಿರುವುದಿಲ್ಲ, ಹಾಗಾಗಿ ಅದಕ್ಕೆ ಎಂಬಿ ನಡೆಯುತ್ತದೆ. ಮನೆಯಲ್ಲಿ ಸ್ಕೂಟರಿಗೆ ತಂದು ಉಳಿದ ಎಂಬಿ ಆಯಿಲನ್ನು ಗೇರಿನ ಗಾಡಿಗೆ ಸುರಿಯುವುದು ಬೇಡ. ದುಂಡಗಿನ ಎಪಿಐ ಮುದ್ರೆ ಇದ್ದರೆ ಅದು ಪರವಾನಗಿಯದು. ಬರೀ 'ಎಪಿಐ ಎಸ್‌ಎನ್' ಎಂಬ ಅಕ್ಷರ ಇದ್ದರೆ ಅದು ಕಂಪನಿಯ ಮಾತು.

ಆಕ್ಷೇಪಗಳಿಗೂ ಬಲವಿದೆ

ಇಷ್ಟಕ್ಕೆ ಪಿಪಿಎಂ ಪಕ್ಷದವರು ಸುಮ್ಮನಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅವರ ಮೊದಲ ಪೆಟ್ಟು ಗಟ್ಟಿಯಾಗಿದೆ: ಜಾಸೊ ಮಾನದಂಡವೇ ರಂಜಕಕ್ಕೆ ಶೇ 0.08ರಿಂದ 0.12 ಎಂದು, ಎಂದರೆ 800ರಿಂದ 1200 ಪಿಪಿಎಂ ಎಂದು ಗೆರೆ ಹಾಕಿದೆ. ಉರಿದ ಮೇಲೆ ಉಳಿಯುವ ಬೂದಿ ಶೇ 1.2 ದಾಟಬಾರದು ಎನ್ನುತ್ತದೆ. ರಸಾಯನ ಬೇಡವೆಂದರೆ ಈ ಗೆರೆಗಳೇಕೆ? ಗೆರೆಗಳ ಸ್ವರೂಪ ನೋಡಿ. ಕೆಳಗಿನದು ಸವೆತ ತಡೆಯುವ ವಸ್ತುವನ್ನು ಉಳಿತಾಯಕ್ಕೆಂದು ತೀರಾ ಕತ್ತರಿಸದಂತೆ ಹಾಕಿದ ಬೇಲಿ. ಮೇಲಿನವು ಕನ್ವರ್ಟರ್ ಕೆಡದಂತೆ, ಪಿಸ್ಟನ್ ತಲೆಯ ಮೇಲೆ ಬೂದಿ ಗಡ್ಡೆ ಕಟ್ಟದಂತೆ ಹಾಕಿದ ಬೇಲಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಆ ಮೇಲಿನ ಬೇಲಿ ನಮ್ಮ ಗಾಡಿಗಳಿಗೆ ಇನ್ನೂ ಮುಖ್ಯವಾಗಿದೆ. ಬೇಲಿಯೊಳಗೆ ಇರಬೇಕು ಎಂಬುದು ಒಂದು ಮಾತು. ಬೇಲಿಯೊಳಗೆ ಅಂಕಿ ಹೆಚ್ಚಿದ್ದವನೇ ಶ್ರೇಷ್ಠ ಎಂಬುದು ಬೇರೆ ಮಾತು. ಎರಡನೆಯದಕ್ಕೆ ಜಾಸೊ ಎಲ್ಲೂ ರುಜು ಹಾಕಿಲ್ಲ. 1300 ಪಿಪಿಎಂ ರಂಜಕದ ಆಯಿಲ್ ಫೋನಿನ ಪಟ್ಟಿಯಲ್ಲಿ ಮೊದಲು ಬರಬಹುದು, ಜಾಸೊ ಗೆರೆಯಿಂದ ಮಾತ್ರ ಹೊರಗೆ.

ಎರಡನೆಯ ಆಕ್ಷೇಪ: ಎಪಿಐ ಪರೀಕ್ಷೆಗಳೆಲ್ಲ ನಡೆಯುವುದು ನೀರಿನಿಂದ ತಂಪಾಗುವ ಕಾರಿನ ಇಂಜಿನ್ನಿನಲ್ಲಿ; 8000 ಸುತ್ತಿನಲ್ಲಿ ಪೂರ್ತಿ ಶಕ್ತಿ ಕೊಡುವ, ಗಾಳಿಯಿಂದ ತಂಪಾಗುವ ಸ್ಪ್ಲೆಂಡರಿನ 97.2 ಸಿಸಿ ಇಂಜಿನ್ನಿಗೆ ಅವು ಸಾಕ್ಷಿಯೇ? ಇದನ್ನು ಒಪ್ಪಲೇಬೇಕು, ಅರ್ಧದಷ್ಟಾದರೂ. ಎಸ್‌ಎನ್ ದರ್ಜೆಯ ಹಳಸುವಿಕೆಯ ಪರೀಕ್ಷೆಯಲ್ಲಿ ಆಯಿಲನ್ನು 150 ಡಿಗ್ರಿಯಲ್ಲಿ ನೂರು ತಾಸು ಬೇಯಿಸುತ್ತಾರೆ, ಆದ್ದರಿಂದ ಕಾವಿನ ವಿಷಯದಲ್ಲಿ ಅದು ನಮಗೂ ಕೆಲಸಕ್ಕೆ ಬರುತ್ತದೆ. ನಿಜವಾದ ಕೊರತೆ ಇರುವುದು ಗೇರಿನಲ್ಲಿ. ಆಯಿಲನ್ನು ಕಾವಿನಲ್ಲೂ ಮಂದವಾಗಿಡುವ ಪಾಲಿಮರಿನ ಉದ್ದ ಎಳೆಗಳನ್ನು ಗೇರಿನ ಹಲ್ಲುಗಳು ಕತ್ತರಿಸುತ್ತ ಹೋಗುತ್ತವೆ. ಕೆಲವು ಸಾವಿರ ಕಿಲೋಮೀಟರಿನಲ್ಲಿ ಆಯಿಲ್ ತೆಳುವಾಗಿ, ಗೇರು ಬೀಳುವಾಗ ಕಟಕಟ ಎನ್ನತೊಡಗುತ್ತದೆ. ಜಾಸೊ ಇದಕ್ಕೂ ಒಂದು ಪರೀಕ್ಷೆ ಇಟ್ಟಿದೆ: ಡೀಸೆಲ್ ಇಂಜೆಕ್ಟರಿನ ಸಣ್ಣ ರಂಧ್ರದಿಂದ ಆಯಿಲನ್ನು ಮೂವತ್ತು ಸಲ ಚಿಮ್ಮಿಸಿ, ಆಮೇಲೂ 100 ಡಿಗ್ರಿಯಲ್ಲಿ 30ರ ದರ್ಜೆಗೆ 9, 40ಕ್ಕೆ 12, 50ಕ್ಕೆ 15 ಸೆಂಟಿಸ್ಟೋಕ್ ಉಳಿಯಬೇಕು ಎನ್ನುತ್ತದೆ. ಗೇರಿನ ಹಲ್ಲಿಗೆ ಹೋಲಿಸಿದರೆ ಇಂಜೆಕ್ಟರ್ ಮೃದು. ಟೇಪರ್ ಬೇರಿಂಗ್ ತಿರುಗಿಸಿ ಮಾಡುವ ಇನ್ನೂ ಕಠಿಣ ಪರೀಕ್ಷೆ ಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಪರೀಕ್ಷೆ ಮೃದುವಾಗಿದ್ದರೆ ಮದ್ದು ಕಠಿಣ ಪರೀಕ್ಷೆಯೇ ಹೊರತು ಪಿಪಿಎಂ ಅಲ್ಲ. ಪಾಲಿಮರಂತೂ ಐಸಿಪಿ ಕಣ್ಣಿಗೆ ಬೀಳುವುದೇ ಇಲ್ಲ.

ಮೂರನೆಯದು ನಂಬಿಕೆಯ ಪ್ರಶ್ನೆ. ಜಾಸೊ ಗುರುತನ್ನು ಜಪಾನಿನ ಸಮಿತಿ ಬಂದು ಪರೀಕ್ಷಿಸಿ ಕೊಡುವುದಿಲ್ಲ. ಕಂಪನಿ ತಾನೇ ಪರೀಕ್ಷೆ ಮಾಡಿಸಿ, ಫಲಿತಾಂಶ ಸಲ್ಲಿಸಿ, ಹೆಸರು ನೋಂದಾಯಿಸುತ್ತದೆ. ಗುಣಮಟ್ಟದ ಹೊಣೆ ಕಂಪನಿಯದೇ. ಸುಳ್ಳು ಹೇಳಿದರೆ? ಖೋಟಾ ಡಬ್ಬಿಯಾದರೆ? ಇಲ್ಲಿ ಐಸಿಪಿಗೆ ತಕ್ಕ ಗೌರವ ಕೊಡಬೇಕು. ಮಾರುಕಟ್ಟೆಯಿಂದ ಡಬ್ಬಿ ಕೊಂಡು, ಪರವಾನಗಿ ಪಡೆದಾಗ ಹೇಳಿದ ಧಾತುಗಳೇ ಇದರಲ್ಲಿವೆಯೇ ಎಂದು ಎಪಿಐ ತಾಳೆ ನೋಡುವುದು ಇದೇ ವಿಧಾನದಿಂದ. 900 ಇರಬೇಕಾದ ಕಡೆ ಸತು 200 ಇದ್ದರೆ ಮೋಸ ಅಲ್ಲೇ ಬಯಲು. ಗುರುತು ಹಿಡಿಯಲು ಪಿಪಿಎಂನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಗುರುತು ಹಿಡಿಯುವುದಕ್ಕೂ ಯೋಗ್ಯತೆ ಅಳೆಯುವುದಕ್ಕೂ ವ್ಯತ್ಯಾಸ ಇದೆ ಎಂಬುದಷ್ಟೇ ನನ್ನ ತಕರಾರು.

ಪಾಸು-ಫೇಲು ಮಾತ್ರ ಹೇಳುವ ಗುರುತು ಇಬ್ಬರು ಪಾಸಾದವರಲ್ಲಿ ಯಾರು ಮೇಲು ಎಂದು ಹೇಳುವುದಿಲ್ಲ ಎಂಬ ಮಾತೂ ಇದೆ. ಹೌದು, ಹೇಳುವುದಿಲ್ಲ. ಕೈಪಿಡಿಗೆ ಒಪ್ಪುವ ಎರಡು ಆಯಿಲುಗಳ ನಡುವೆ ಅಗ್ಗದ್ದನ್ನು ಕೊಂಡು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಪರೀಕ್ಷೆಯ ವೇಷದಲ್ಲಿ ಬರುವ ಆಟ

ಪರೀಕ್ಷೆಯ ಪರ ವಾದಿಸುವವನು ಸುಳ್ಳು ಪರೀಕ್ಷೆಗಳ ವಿಷಯದಲ್ಲಿ ಇನ್ನೂ ಕಟುವಾಗಿರಬೇಕು. ತಿರುಗುವ ಉಕ್ಕಿನ ಬಳೆಗೆ ಬೇರಿಂಗ್ ರೋಲರ್ ಒತ್ತಿ, ಸನ್ನೆಗೆ ಭಾರ ಹಾಕುತ್ತ ಹೋಗುವ ಯಂತ್ರ ವಿಡಿಯೋಗಳಲ್ಲಿ ಜನಪ್ರಿಯ. ಸಾದಾ ಆಯಿಲಿನಲ್ಲಿ ಕಿರುಚಿ ನಿಲ್ಲುವ ಯಂತ್ರ, ಮಾರುವವನ ಬಾಟಲಿಯ ನಾಲ್ಕು ಹನಿ ಬಿದ್ದೊಡನೆ ಸರಾಗ ಓಡುತ್ತದೆ. ಕ್ಲೋರಿನ್ ಬೆರೆತ ಪ್ಯಾರಫಿನ್ ಈ ಆಟದಲ್ಲಿ ಸುಲಭವಾಗಿ ಗೆಲ್ಲುತ್ತದೆ. ತಲೆಗೆ ಹಾಕುವ ಶಾಂಪೂ ಕೂಡ ಇದೇ ಯಂತ್ರದಲ್ಲಿ ಒಳ್ಳೆಯ ಆಯಿಲನ್ನು ಸೋಲಿಸಿ ತೋರಿಸಿದೆ. ಹಾಗೆಂದು ಯಾರೂ ಇಂಜಿನ್ನಿಗೆ ಶಾಂಪೂ ಹಾಕುವುದಿಲ್ಲವಲ್ಲ. ಕ್ಲೋರಿನ್ನಿನ ವಸ್ತು ಇಂಜಿನ್ನಿನ ಕಾವು, ತೇವದಲ್ಲಿ ಆಮ್ಲವಾಗಿ ಬೇರಿಂಗನ್ನೇ ತಿನ್ನಬಲ್ಲದು. ಮೂರು ಗುಂಡುಗಳ ಮೇಲೆ ನಾಲ್ಕನೆಯದನ್ನು 40 ಕಿಲೋ ಭಾರದಲ್ಲಿ ಒಂದು ತಾಸು ತಿರುಗಿಸುವ ನಾಲ್ಕು-ಗುಂಡಿನ ಪರೀಕ್ಷೆ ಗಂಭೀರವಾದದ್ದೇ. ಆದರೆ ಅದರ ಫಲಿತಾಂಶ ರಸ್ತೆಯ ಅನುಭವಕ್ಕೆ ಹೊಂದುತ್ತದೆಯೇ ಎಂದು ಬಳಸುವವರೇ ಖಾತ್ರಿ ಮಾಡಿಕೊಳ್ಳಬೇಕೆಂದು ಆ ವಿಧಾನದ ಬರಹದಲ್ಲೇ ಇದೆ. ಗುಂಡಿನ ಮೇಲಿನ ಗಾಯ ಚಿಕ್ಕದು ಎಂಬ ಜಾಹೀರಾತಿನಲ್ಲಿ ಆ ಸಾಲು ಮಾತ್ರ ಇರುವುದಿಲ್ಲ.

ಮಿಸ್ತ್ರಿಯ ಬೆರಳ ಪರೀಕ್ಷೆಯನ್ನೂ ಬಿಡುವಂತಿಲ್ಲ. ಆಯಿಲ್ ಕರ್ರಗಾಯಿತು, ಸತ್ತಿತು ಎನ್ನುವುದು ವಾಡಿಕೆ. ಡಿಸ್ಪರ್ಸೆಂಟ್ ಇರುವ ಆಯಿಲ್ ಕರಿಯನ್ನು ತನ್ನೊಳಗೆ ತೇಲಿಸಿ ಇಟ್ಟುಕೊಂಡಾಗಲೇ ಕಪ್ಪಾಗುವುದು. ಕಪ್ಪಾಗದ ಆಯಿಲ್ ಕರಿಯನ್ನು ಇಂಜಿನ್ನಿನ ಗೋಡೆಗೆ ಬಿಟ್ಟಿದ್ದರೂ ಇರಬಹುದು. ಬೆರಳಿಗೆ ಕಿರುಗುಟ್ಟುವ ಕಣ ಸಿಕ್ಕರೆ, ಪೆಟ್ರೋಲ್ ವಾಸನೆ ಬಂದರೆ ಆ ಮಾತು ಬೇರೆ, ಅಲ್ಲಿ ಬೆರಳೂ ಮೂಗೂ ಸುಳ್ಳು ಹೇಳುವುದಿಲ್ಲ.

ಅಂಕಿಗೆ ತಕ್ಕ ಜಾಗ

ಹಾಗಾದರೆ ಪಿಪಿಎಂ ಕೋಷ್ಟಕವನ್ನು ಎಸೆಯಬೇಕೇ? ಬೇಡ, ಜಾಗ ಬದಲಿಸಿದರೆ ಸಾಕು. ಹೊಸ ಆಯಿಲಿಗಿಂತ ತೆಗೆದ ಆಯಿಲಿನಲ್ಲಿ ಅದು ಹತ್ತು ಪಟ್ಟು ಮಾತಾಡುತ್ತದೆ. ಕಬ್ಬಿಣ ಏರಿದರೆ ಸಿಲಿಂಡರ್, ಕ್ಯಾಮ್, ಗೇರು. ಅಲ್ಯುಮಿನಿಯಂ ಏರಿದರೆ ಪಿಸ್ಟನ್ ಅಥವಾ ಕ್ಲಚ್ ಬುಟ್ಟಿ. ಸಿಲಿಕಾನ್ ಏರಿದರೆ ದೂಳು. ನಮ್ಮ ಕಡೆ ಕೊನೆಯದೇ ದೊಡ್ಡದು. ರಾಶಿಯ ದಿನಗಳಲ್ಲಿ ಔರಾದ್ ಹೊಲದ ದಾರಿಯ ದೂಳು ಹರಿದ ಏರ್ ಫಿಲ್ಟರಿನ ಮೂಲಕ ಒಳಹೋದರೆ ಯಾವ ಸತುವೂ ಕಾಯಲಾರದು. ಹೊಸ ಆಯಿಲಿನಲ್ಲೇ ನೊರೆ ತಡೆಯಲು ಸ್ವಲ್ಪ ಸಿಲಿಕಾನ್ ಇರುತ್ತದೆ. ಹಾಗಾಗಿ ಅದೇ ಡಬ್ಬಿಯ ತಾಜಾ ಆಯಿಲಿನ ಅಂಕಿ ಜತೆಗಿಲ್ಲದೆ ತೆಗೆದ ಆಯಿಲಿನ ಅಂಕಿ ಓದಬಾರದು. ಅಮೆರಿಕದ ಒಂದು ರೈಲು ಕಂಪನಿ 1940ರ ದಶಕದಲ್ಲೇ ಇಂಜಿನ್ ಬಿಚ್ಚದೆ ಒಳಗಿನ ಸವೆತ ತಿಳಿಯಲು ಈ ವಿದ್ಯೆ ಬಳಸಿತು. ನಮ್ಮ ರೈಲ್ವೆಯ ಡೀಸೆಲ್ ಶೆಡ್ಡುಗಳೂ ಇದನ್ನೇ ಅನುಸರಿಸಿದವು. ಅಲ್ಲಿ ಅಂಕಿಯನ್ನು ನೋಡಿದ್ದು ಆಯಿಲ್ ಕೊಳ್ಳಲು ಅಲ್ಲ, ಇಂಜಿನ್ನಿನ ನಾಡಿ ಹಿಡಿಯಲು.

ಒಂದು ಗಾಡಿಗಾಗಿ ಐಸಿಪಿ ಮಾಡಿಸುವುದು ದುಬಾರಿ ಶೋಕಿ. ಆದರೆ ಕಾರ್ಯಕ್ಷಮತೆಯ ಪರೀಕ್ಷೆ ಜಿಲ್ಲೆಯೊಳಗೇ ಸಾಧ್ಯ. ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ಇದೆ, ಬೀದರಿನಲ್ಲಿ ಗುರುನಾನಕ ದೇವ್ ಇಂಜಿನಿಯರಿಂಗ್ ಕಾಲೇಜು ಇದೆ. ವಿಟಿಯು ಪಠ್ಯದಲ್ಲಿ ಮೆಕ್ಯಾನಿಕಲ್ ಹುಡುಗರು ಎರಡು ಹಳೆಯ ಪ್ರಯೋಗಗಳನ್ನು ಮಾಡುತ್ತ ಬಂದಿದ್ದಾರೆ. ರೆಡ್‌ವುಡ್ ವಿಸ್ಕೋಮೀಟರಿನಲ್ಲಿ 50 ಸಿಸಿ ಆಯಿಲ್ ಕೆಳಗಿಳಿಯಲು ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡುವುದು ಒಂದು. ಪೆನ್‌ಸ್ಕಿ-ಮಾರ್ಟೆನ್ಸ್ ಬಟ್ಟಲಿನಲ್ಲಿ ಆಯಿಲಿನ ಆವಿ ಎಷ್ಟು ಡಿಗ್ರಿಗೆ ಕಿಡಿ ಹಿಡಿಯಿತು ಎಂದು ನೋಡುವುದು ಇನ್ನೊಂದು. ಖಂಡೆ ಪೂಜೆಯ ವಾರ ಗ್ಯಾರೇಜುಗಳಲ್ಲಿ ಸುರಿದುಹೋಗುವ ಆಯಿಲಿನಿಂದ ಒಂದೊಂದು ಬಾಟಲಿ ತೆಗೆದು, ಮೇಲೆ ಗಾಡಿಯ ಮಾದರಿ, ಆಯಿಲಿನ ಹೆಸರು, ಓಡಿದ ಕಿಲೋಮೀಟರ್ ಬರೆದು, ಅದೇ ಆಯಿಲಿನ ಹೊಸ ಡಬ್ಬಿಯ ಜತೆ ಈ ಎರಡು ಪರೀಕ್ಷೆ ಮಾಡಿದರೆ ಸಾಕು. ಸೆಕೆಂಡು ಇಳಿದು ಕಿಡಿಯ ಡಿಗ್ರಿಯೂ ಇಳಿದಿದ್ದರೆ ಆಯಿಲಿಗೆ ಪೆಟ್ರೋಲ್ ಬೆರೆತಿದೆ, ದೋಷ ಕಾರ್ಬ್ಯುರೇಟರ್ ಅಥವಾ ರಿಂಗಿನದು. ಡಿಗ್ರಿ ಹಾಗೇ ಇದ್ದು ಸೆಕೆಂಡು ಮಾತ್ರ ಇಳಿದಿದ್ದರೆ ಗೇರುಗಳು ಪಾಲಿಮರನ್ನು ಕತ್ತರಿಸಿವೆ. ಸೆಕೆಂಡು ಏರಿದ್ದರೆ ಆಯಿಲ್ ಹಳಸಿದೆ, ಬದಲಿಸುವುದು ತಡವಾಗಿದೆ. ಯಾವ ಡಬ್ಬಿ ಎಷ್ಟು ಸಾವಿರ ಕಿಲೋಮೀಟರ್ ಮಂದವಾಗಿಯೇ ಉಳಿಯಿತು ಎಂಬ ಒಂದು ಹಾಳೆಯ ಪಟ್ಟಿ ಗ್ಯಾರೇಜಿನ ಗೋಡೆಗೆ ಅಂಟಿದರೆ, ಫೋನು ಮುಂದೆ ಹಿಡಿದವನಿಗೆ ಮಿಸ್ತ್ರಿ ಅದನ್ನೇ ತೋರಿಸಬಹುದು.